ಮುಂಚಕ್ರದ ‘ಎಲ್ಲ ಬೈಕಿಗೂ ಹೊಂದುವ’ ಆಕ್ಸಲ್ ಕಿಟ್: ಹಾಕಿಸುವ ಮೊದಲು ಅಳೆದು ನೋಡಿ

ಕುಂಬಳೆ, ಮಂಜೇಶ್ವರದಂತಹ ಕಡಲಂಚಿನ ಊರುಗಳಲ್ಲಿ ಬೈಕಿನ ಮುಂಚಕ್ರದ ನಡುವೆ ತೂರುವ ಅಚ್ಚು, ಅಂದರೆ ಆಕ್ಸಲ್, ತುಕ್ಕು ಹಿಡಿದು ಬೇರಿಂಗಿಗೆ ಕಚ್ಚಿಕೊಳ್ಳುವುದು ಅಪರೂಪವಲ್ಲ. ಉಪ್ಪುಗಾಳಿಗೆ ಮಳೆಗಾಲದ ಕೆಸರುನೀರೂ ಸೇರಿದರೆ ಗ್ರೀಸು ಹೆಚ್ಚು ಕಾಲ ಉಳಿಯುವುದಿಲ್ಲ. ನನ್ನ 150 ಸಿಸಿ ಬೈಕಿನ ಆಕ್ಸಲನ್ನು ಬಡಿದೇ ಹೊರತೆಗೆಯಬೇಕಾಯಿತು. ಅದಕ್ಕೆ ಬದಲಾಗಿ ಆನ್‌ಲೈನಿನಲ್ಲಿ ತರಿಸಿದ ಸ್ಟೇನ್‌ಲೆಸ್ ಸ್ಟೀಲಿನ ಕಿಟ್ ಎಂತಹ ಅಪಾಯ ತಂದಿತೆಂಬುದನ್ನು, ಅಂಥದ್ದೇ ಕಿಟ್ ಕೊಳ್ಳಲು ಹೊರಟವರಿಗಾಗಿ ಬರೆಯುತ್ತಿದ್ದೇನೆ.

ಕಿಟ್ಟಿನಲ್ಲಿ ಆಕ್ಸಲ್, ನಟ್ಟು, ವಾಷರುಗಳು, ಎರಡು ಬದಿಯ ಬುಷ್‌ಗಳು (ಅಂತರ ಕಾಯುವ ಗಿಡ್ಡ ಬಳೆಗಳು) ಮತ್ತು ಹಬ್ಬಿನೊಳಗೆ (ಚಕ್ರದ ನಡುಗುಂಬದೊಳಗೆ) ಎರಡು ಬೇರಿಂಗುಗಳ ನಡುವೆ ಕೂರುವ ಕೊಳವೆ ಇದ್ದವು. ‘15 ಮಿಲಿಮೀಟರ್ ಬೇರಿಂಗ್ ಇರುವ ಎಲ್ಲ ಬೈಕುಗಳಿಗೂ ಹೊಂದುತ್ತದೆ’ ಎಂದು ಮಾರಾಟದ ಪುಟದಲ್ಲಿ ಬರೆದಿತ್ತು. ಈ ಮಾತಿನಲ್ಲೇ ಮೋಸವಿದೆ. 6202 ಎಂಬ ಸಂಖ್ಯೆಯ ಬೇರಿಂಗಿನ ಒಳರಂಧ್ರವೂ 15 ಮಿಲಿಮೀಟರ್, 6302ರದ್ದೂ ಅಷ್ಟೇ. ಆದರೆ ಮೊದಲನೆಯದರ ಹೊರವ್ಯಾಸ 35, ಅಗಲ 11 ಮಿಲಿಮೀಟರ್ ಆದರೆ ಎರಡನೆಯದರದ್ದು 42 ಮತ್ತು 13. ಬೇರಿಂಗ್ ಒಂದೇ ಆಗಿದ್ದರೂ ಎರಡು ಬೇರಿಂಗುಗಳ ನಡುವಿನ ಅಂತರ ಒಂದೊಂದು ಹಬ್ಬಿನಲ್ಲಿ ಒಂದೊಂದು ರೀತಿ ಇರುತ್ತದೆ. ರಂಧ್ರದ ಅಳತೆ ಸರಿಯಿದ್ದರೆ ಆಕ್ಸಲ್ ತೂರುತ್ತದೆ, ಅಷ್ಟೇ.

ಹೊಸ ಬೇರಿಂಗುಗಳೊಂದಿಗೆ ಕಿಟ್ ಜೋಡಿಸಿ ನಟ್ಟನ್ನು ಕೈಯಲ್ಲಿ ತಿರುಗಿಸುವಷ್ಟು ಹೊತ್ತೂ ಚಕ್ರ ಸರಾಗವಾಗಿ ಸುತ್ತುತ್ತಿತ್ತು. ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿ ಮಾಡಿದ ಕೂಡಲೇ ಅರ್ಧ ಸುತ್ತಿಗೇ ನಿಂತುಬಿಟ್ಟಿತು. ವರ್ಕ್‌ಶಾಪಿನ ಹುಡುಗ ನಟ್ಟನ್ನು ತುಸು ಸಡಿಲಿಸಿ, “ಈಗ ಲಾಯ್ಕ ತಿರುಗ್ತದಲ್ಲ ಅಣ್ಣ” ಎಂದು ಬೈಕನ್ನು ಒಪ್ಪಿಸಿದ. ಇಡೀ ಪ್ರಸಂಗದಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಈ ಪರಿಹಾರವೇ. ಸೀತಾಂಗೋಳಿ ದಾಟಿ ಬದಿಯಡ್ಕದ ಕಡೆಗೆ ಹೋಗುವಾಗ ತಿರುವುಗಳಲ್ಲಿ ಹ್ಯಾಂಡಲ್ ಸಣ್ಣಗೆ ಅಲುಗತೊಡಗಿತು. ನಿಲ್ಲಿಸಿ ನೋಡಿದರೆ ಹಬ್ಬು ಕೈ ಇಡಲಾಗದಷ್ಟು ಬಿಸಿಯಾಗಿತ್ತು, ನಟ್ಟು ಇನ್ನಷ್ಟು ಸಡಿಲಗೊಂಡಿತ್ತು. ಆಕ್ಸಲ್ ಚಕ್ರವನ್ನು ಹೊರುವುದಷ್ಟೇ ಅಲ್ಲ, ಚಕ್ರವನ್ನು ಎರಡೂ ಬದಿಯಿಂದ ಹಿಡಿಯುವ ಫೋರ್ಕಿನ ಎರಡು ಕಾಲುಗಳನ್ನೂ ಒಂದಕ್ಕೊಂದು ಬಿಗಿದು ಹಿಡಿಯುತ್ತದೆ. ಆ ಹಿಡಿತ ತಪ್ಪಿದ ಬೈಕನ್ನು ಇಳಿಜಾರಿನಲ್ಲಿ ಬ್ರೇಕ್ ಹಾಕಿ ನಿಲ್ಲಿಸುವುದೆಂದರೆ ಏನೆಂದು ಓದುಗರೇ ಊಹಿಸಿಕೊಳ್ಳಬಹುದು.

ಬಳಿಕ ಬೇರೆಡೆ ಸಾವಕಾಶವಾಗಿ ಬಿಚ್ಚಿಸಿದಾಗ ಕಾರಣ ಸ್ಪಷ್ಟವಾಯಿತು. ಬೇರಿಂಗಿನ ಹೊರಬಳೆ ಹಬ್ಬಿನ ಅಂಚಿಗೆ ತಾಗಿ ಕೂತಿರುತ್ತದೆ, ಅದು ಮುಂದೆ ಸರಿಯಲಾರದು. ನಟ್ಟು ಬಿಗಿಯುವಾಗ ಒತ್ತಡವೆಲ್ಲ ಬದಿಯ ಬುಷ್, ಒಳಬಳೆ, ನಡುವಿನ ಕೊಳವೆ, ಇನ್ನೊಂದು ಒಳಬಳೆ ಎಂಬ ಸಾಲಿನಲ್ಲಿ ಸಾಗಬೇಕು. ಕೊಳವೆ ಗಿಡ್ಡವಾದರೆ ಒಳಬಳೆಗಳೆರಡೂ ಒಳಮುಖವಾಗಿ ತಳ್ಳಲ್ಪಟ್ಟು ಗುಂಡುಗಳ ಮೇಲೆ ಅಡ್ಡ ಒತ್ತಡ ಬೀಳುತ್ತದೆ. ವರ್ನಿಯರಿನಲ್ಲಿ ಅಳೆದಾಗ ಕಿಟ್ಟಿನ ಕೊಳವೆ ಹಳೆಯದಕ್ಕಿಂತ 0.6 ಮಿಲಿಮೀಟರ್ ಗಿಡ್ಡವಿತ್ತು. ಕಣ್ಣಳತೆಗೆ ಸಿಗದ ಈ ವ್ಯತ್ಯಾಸವೇ ಬೇರಿಂಗನ್ನು ಸುಡಲು ಸಾಕು. ಸಂದಿಗೊಂದು ತೆಳು ವಾಷರ್ ತುರುಕೋಣ ಎಂಬ ಸಲಹೆಯೂ ಬಂತು. ಹಬ್ಬಿನೊಳಗೆ ಅದು ನೇರವಾಗಿ ಕೂತಿದೆಯೇ ಎಂದು ನೋಡುವ ದಾರಿಯೇ ಇಲ್ಲದ್ದರಿಂದ ನಾನು ಒಪ್ಪಲಿಲ್ಲ.

ಚಕ್ರ ಬಿಗಿಯಾದಾಗಲೆಲ್ಲ ಬೇರಿಂಗನ್ನೇ ದೂರಬೇಕಾಗಿಲ್ಲ. ಡಿಸ್ಕನ್ನು ಅದುಮಿ ಹಿಡಿಯುವ ಬ್ರೇಕ್ ಕ್ಯಾಲಿಪರನ್ನು ಬಿಚ್ಚಿ ಬದಿಗಿಟ್ಟು ತಿರುಗಿಸಿ ನೋಡಬೇಕು. ಆಗ ಸರಾಗವಾಗಿ ಸುತ್ತಿದರೆ ದೋಷ ಬ್ರೇಕಿನ ಕಡೆಗಿದೆ. ಬದಿಯ ಬುಷ್‌ನ ದಪ್ಪ ಬದಲಾಗಿ ಡಿಸ್ಕ್ ನಡುವಿನಿಂದ ಸರಿದಿರಬಹುದು. ಕ್ಯಾಲಿಪರ್ ಇಲ್ಲದಿದ್ದರೂ ನಟ್ಟು ಬಿಗಿದಂತೆ ಚಕ್ರ ಬಿಗಿಯಾಗುತ್ತಿದ್ದರೆ ಕೊಳವೆಯನ್ನು ಅಳೆಯಬೇಕು, ಹಬ್ಬಿನಲ್ಲಿ ಸ್ಪೀಡೋಮೀಟರಿನ ಗೇರ್ ಇರುವ ಬೈಕಾದರೆ ಅದರ ಕಿವಿಗಳು ತಮ್ಮ ಕಚ್ಚುಗಳಲ್ಲಿ ಸರಿಯಾಗಿ ಕೂತಿವೆಯೇ ಎಂದೂ ನೋಡಬೇಕು. ಇನ್ನು ಚಕ್ರ ಚೆನ್ನಾಗಿ ತಿರುಗಿ, ಫೋರ್ಕ್ ಮಾತ್ರ ಮೇಲೆ ಕೆಳಗೆ ಆಡಲು ತಡೆಯುತ್ತಿದ್ದರೆ ಆಕ್ಸಲನ್ನು ಫೋರ್ಕಿನ ಕಾಲಿಗೆ ಅದುಮಿ ಹಿಡಿಯುವ ಪಿಂಚ್ ಬೋಲ್ಟನ್ನು ಅವಸರದಲ್ಲಿ ಬಿಗಿದಿರುತ್ತಾರೆ. ಮೊದಲು ಆಕ್ಸಲ್ ನಟ್ಟು ಬಿಗಿದು, ಮುಂಭಾಗವನ್ನು ಕೆಲವು ಸಲ ಒತ್ತಿ ಬಿಟ್ಟು, ಆಮೇಲೆ ಪಿಂಚ್ ಬೋಲ್ಟ್ ಬಿಗಿಯುವುದು ಕ್ರಮ.

ಬಿಚ್ಚುವಾಗ ಕಂಡ ಇನ್ನೊಂದು ತೊಡಕೆಂದರೆ, ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಆಕ್ಸಲಿನ ತಿರುಪಿನ ಎಳೆಗಳಿಗೇ ಕಚ್ಚಿ ಬೆಸೆದುಕೊಂಡಿತ್ತು. ಲೇಪವಿಲ್ಲದೆ ಒಣಗಲಾಗಿ ಬಿಗಿದರೆ ಈ ಲೋಹ ಹೀಗೆ ಹಿಡಿದುಕೊಳ್ಳುವುದುಂಟು. ಕೊನೆಗೆ ಗ್ರೈಂಡರಿನಲ್ಲಿ ಕತ್ತರಿಸಬೇಕಾಯಿತು. ಅದಲ್ಲದೆ, 304 ದರ್ಜೆಯ ಸಾಧಾರಣ ಸ್ಟೇನ್‌ಲೆಸ್, ಹದಗೊಳಿಸಿದ ಮಿಶ್ರಲೋಹದ ಉಕ್ಕಿನಷ್ಟು ಗಟ್ಟಿಯಲ್ಲ. ತುಕ್ಕು ಹಿಡಿಯದೆಂಬ ಒಂದೇ ಗುಣವನ್ನು ನಂಬಿ ಅದನ್ನು ಆಕ್ಸಲಿಗೆ ಆರಿಸಬಾರದೆಂಬುದು ನನ್ನ ಅಭಿಪ್ರಾಯ.

ಒಮ್ಮೆ ಜೋಡಿಸಿದ ಕಿಟ್ಟನ್ನು ಮಾರಿದವರು ಹಿಂದಕ್ಕೆ ಪಡೆಯಲಿಲ್ಲ. ಆದ್ದರಿಂದ ಕೊಳವೆ, ಬುಷ್‌ಗಳ ಉದ್ದವನ್ನು ಹಳೆಯವುಗಳೊಂದಿಗೆ ಹೋಲಿಸಿ ಅಳೆಯುವ ಕೆಲಸವನ್ನು ಜೋಡಣೆಗೆ ಮೊದಲೇ ಮುಗಿಸಿಕೊಳ್ಳಿ. ಕಂಪೆನಿಯ ಅಸಲಿ ಆಕ್ಸಲನ್ನು ಮಂಗಳೂರಿನಿಂದ ತಂದು, ಹಳೆಯ ಕೊಳವೆಯನ್ನೇ ಉಜ್ಜಿ ಹಾಕಿದ ಮೇಲೆ ನಟ್ಟು ಪೂರ್ತಿ ಬಿಗಿದರೂ ಚಕ್ರ ಹಗುರಾಗಿ ತಿರುಗುತ್ತಿದೆ. ಕಿಟ್ಟಿನೊಂದಿಗೆ ಓಡಿದ ಬೇರಿಂಗುಗಳು ಹೊರಗಿನಿಂದ ಹೊಸದರಂತೆ ಕಂಡರೂ ಅವನ್ನು ಮತ್ತೆ ಬಳಸಲಿಲ್ಲ, ನೀವೂ ಬಳಸಬೇಡಿ. ಒಳಗಿನ ಗುಂಡಿನ ದಾರಿಗೆ ಒಮ್ಮೆ ಪೆಟ್ಟಾದರೆ ಅದು ಮತ್ತೆ ಸರಿಹೋಗುವುದಿಲ್ಲ.