ಪ್ರಥಮ ಚಿಕಿತ್ಸೆ ತರಬೇತಿ: ಮಗುವಿನ ಗೊಂಬೆ ಕೈಗೆ ಸಿಗುವ ಕಡೆಗೇ ನನ್ನ ಮತ

ಆನ್‌ಲೈನ್ ಕೋರ್ಸ್, ದೊಡ್ಡ ಸಭಾಂಗಣದ ಒಂದು ದಿನದ ಶಿಬಿರ, ಪ್ರತಿಯೊಬ್ಬರ ಮುಂದೆಯೂ ಅಭ್ಯಾಸದ ಗೊಂಬೆ ಇಡುವ ಸಣ್ಣ ತಂಡದ ತರಗತಿ, ಈ ಮೂರನ್ನೂ ಮುಗಿಸಿದ್ದೇನೆ. ಮನೆಯಲ್ಲಿ ಎಳೆಗೂಸು ಇರುವವರು ಕೇಳಿದರೆ ಹಿಂದೆಮುಂದೆ ನೋಡದೆ ಕೊನೆಯದನ್ನೇ ಹೇಳುತ್ತೇನೆ.

ಆನ್‌ಲೈನ್ ಕೋರ್ಸನ್ನು ತೆಗಳಲಾರೆ. ಎಚ್ಚರ ತಪ್ಪಿದವರು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯಂತೆ ಉಸಿರೆಳೆದರೆ ಅದನ್ನು ಸರಿಯಾದ ಉಸಿರಾಟವೆಂದು ನಂಬಬಾರದು, ಎದೆ ಒತ್ತಲು ತೊಡಗಬೇಕು ಎಂಬುದು ನನಗೆ ಮನದಟ್ಟಾದದ್ದು ಅಲ್ಲಿನ ವಿಡಿಯೋದಿಂದಲೇ. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಹರಿಸುವಂಥ ಸಂಗತಿಗಳಿಗೆ ಅದು ಧಾರಾಳವಾಗಿ ಸಾಕು. ಆದರೆ ವಯಸ್ಕರ ಎದೆಯನ್ನು ಕನಿಷ್ಠ 5 ಸೆಂಟಿಮೀಟರ್ ಒತ್ತುವುದೆಂದರೆ ಎಷ್ಟು ಬಲವೆಂದು ಮನೆಯಲ್ಲಿ ಗೊಂಬೆಯ ಬದಲು ಒತ್ತಿ ನೋಡುವ ದಿಂಬು ಹೇಳಿಕೊಡುವುದಿಲ್ಲ.

ಶಿಬಿರದ ಮೇಲೆ ಮಾತ್ರ ನನಗೆ ಸಿಟ್ಟಿದೆ. ಇಡೀ ಸಭಾಂಗಣಕ್ಕೆ ದೊಡ್ಡವರ ಗೊಂಬೆ ಒಂದೇ. ಸಾಲಿನಲ್ಲಿ ನಿಂತು, ನಾಲ್ಕು ಸಲ ಒತ್ತಿ, ಮುಂದಿನವರಿಗೆ ಜಾಗ ಬಿಡಬೇಕು. ಆಯಾಸವಾಗುವುದರಿಂದ ಒತ್ತುವವರು 2 ನಿಮಿಷಕ್ಕೊಮ್ಮೆ ಬದಲಾಗಬೇಕೆಂದು ಪಾಠವೇನೋ ಆಯಿತು. ಆ ಆಯಾಸ ಎಂಥದೆಂದು ಅಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ಮಗುವಿನ ಗೊಂಬೆಯನ್ನಂತೂ ತರಬೇತುದಾರರು ಎತ್ತಿ ತೋರಿಸಿ ಮತ್ತೆ ಚೀಲಕ್ಕೆ ಸೇರಿಸಿದರು. ಒಂದು ವರ್ಷದೊಳಗಿನ ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಹೊಟ್ಟೆ ಒತ್ತುವಂತಿಲ್ಲ. ದವಡೆಗೆ ಆಸರೆ ಕೊಟ್ಟು, ತಲೆ ಕೆಳಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಬೆನ್ನಿಗೆ 5 ಪೆಟ್ಟು. ಮಗುಚಿ ಎದೆಗೆ 5 ಒತ್ತು. ಕೇಳಲು ಸುಲಭ. ಮಗುಚುವ ಆ ಕ್ಷಣದಲ್ಲೇ ಕೈಗಳು ತಡವರಿಸುತ್ತವೆ. ಹಿಂದಿನ ಸಾಲಿನಲ್ಲಿದ್ದ ನನಗೆ ಕಂಡದ್ದು ತರಬೇತುದಾರರ ಬೆನ್ನು. ಆದರೂ ಪ್ರಮಾಣಪತ್ರದಲ್ಲಿ 'ವಯಸ್ಕರು ಮತ್ತು ಮಕ್ಕಳು' ಎಂದೇ ಅಚ್ಚಾಗಿತ್ತು!

ಸಣ್ಣ ತಂಡದಲ್ಲಿ ಆ ಮಗುಚುವಿಕೆಯನ್ನು ಕೈಗೆ ಒಗ್ಗುವವರೆಗೂ ಮಾಡಿಸಿದರು. ಎದೆ ಒತ್ತುವಾಗ ಆಳ ಸಾಲದಿದ್ದರೆ ಗೊಂಬೆ 'ಟಕ್' ಎನ್ನುವುದಿಲ್ಲ. ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡದಿದ್ದರೆ ದೀಪ ಹಸಿರಾಗುವುದಿಲ್ಲ. ಮಗುವಿನ ಗೊಂಬೆಗೆ ಎರಡೂ ಹೆಬ್ಬೆರಳಿಂದ ಸುಮಾರು 4 ಸೆಂಟಿಮೀಟರ್ ಒತ್ತು, ಬಾಯಿಂದ ಊದುವುದು ಕೆನ್ನೆ ತುಂಬುವಷ್ಟೇ ಉಸಿರು. ದೊಡ್ಡವರಿಗೆ ಮಾಡುವಂತೆ ತಲೆಯನ್ನು ತೀರಾ ಹಿಂದಕ್ಕೆ ಬಾಗಿಸಿದರೆ ಅದರ ಎದೆ ಉಬ್ಬುವುದೇ ಇಲ್ಲ. ಇದನ್ನು ಕಣ್ಣಾರೆ ಕಂಡ ಮೇಲೆ ಮರೆಯುವುದು ಕಷ್ಟ.

ಹೃದಯ ಬಡಿತ ಸರಿಪಡಿಸಲು ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರದ ಪಾಠ ಮೂರೂ ಕಡೆ ಚೆನ್ನಾಗಿತ್ತು.

ಸಣ್ಣ ತಂಡದ ಶುಲ್ಕ ಹೆಚ್ಚು, ನಿಜ. ನಾನು ಓದಿ ಕಲಿಯುವವಳಲ್ಲ, ಮಾಡಿ ಕಲಿಯುವವಳು. ಹಾಗಾಗಿ ಬೇರೆ ಖರ್ಚು ಹಿಡಿದಾದರೂ ಅದಕ್ಕೇ ಕೊಡುತ್ತೇನೆ. ಕಲಿತದ್ದು ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ, ನಡುನಡುವೆ ಮೆಲುಕು ಹಾಕಲು ಆನ್‌ಲೈನ್ ವಿಡಿಯೋ ಇದ್ದೇ ಇದೆ. ಶಿಬಿರವೇ ಕೈಗೆಟಕುವುದಾದರೆ ಹಣ ಕಟ್ಟುವ ಮೊದಲು ಗೊಂಬೆಗಳೆಷ್ಟು, ಮಗುವಿನ ಗೊಂಬೆಯನ್ನು ಪ್ರತಿಯೊಬ್ಬರ ಕೈಗೂ ಕೊಡುತ್ತಾರೆಯೇ ಎಂದು ಕೇಳಿ.