ನಿಮ್ಹಾನ್ಸ್‌ನ ತಾಯಿ-ಮಗು ವಾರ್ಡ್: ತಂಗಿಯ ಜೊತೆ ಉಳಿದವಳ ಅನುಭವ

ಬಾಣಂತಿ ಸನ್ನಿ ಹಿಡಿದಿದೆ ಅಂತ ಗೊತ್ತಾದ ಕೂಡಲೇ ಮನೆಯವರು ಮಾಡುವ ಮೊದಲ ಕೆಲಸ, ಕೂಸನ್ನು ಎತ್ತಿಕೊಂಡು ಬೇರೆ ಕಡೆ ಸಾಗಿಸುವುದು. ನಾವೂ ಅದನ್ನೇ ಮಾಡುವವರಿದ್ದೆವು. ತಂಗಿ ರಾತ್ರಿಯಿಡೀ ಎದ್ದು ಕೂತು "ಇದು ನನ್ನ ಮಗು ಅಲ್ಲ, ಆಸ್ಪತ್ರೇಲಿ ಬದಲಾಯಿಸಿದ್ದಾರೆ" ಅಂತ ಪಟ್ಟು ಹಿಡಿದಿದ್ದಳು. ಊರಿನ ಡಾಕ್ಟರೇ ಬೆಂಗಳೂರಿಗೆ ಕಳಿಸಿದರು.

2009ರಲ್ಲಿ ಐದು ಹಾಸಿಗೆಗಳಿಂದ ಶುರುವಾದ ವಾರ್ಡ್ ಇದು. ತಾಯಿ, ಮಗು, ಜೊತೆಗೆ ಮನೆಯ ಒಬ್ಬ ಹೆಂಗಸು ಒಟ್ಟಿಗೇ ಇರಬೇಕು. ಅಮ್ಮನಿಗೆ ಮಂಡಿನೋವು, ಹಾಗಾಗಿ ನಾನು ಉಳಿದೆ.

"ಮಗೂಗೆ ಏನಾದ್ರೂ ಮಾಡ್ಬಿಡ್ಬೇಕು ಅಂತ ಅನ್ಸುತ್ತೇನಮ್ಮಾ?" ಡಾಕ್ಟರು ಮೊದಲ ದಿನವೇ ನೇರವಾಗಿ ಕೇಳಿದರು. ನನ್ನ ಎದೆ ಧಸಕ್ಕೆಂದಿತು. ತಂಗಿ ಮಾತ್ರ ಮನೆಯಲ್ಲಿ ಯಾರಿಗೂ ಹೇಳದ್ದನ್ನೆಲ್ಲ ಅವರಿಗೆ ಹೇಳಿದಳು. ಎಷ್ಟು ಕಾವಲು ಬೇಕೆಂಬುದು ಅದರ ಮೇಲೆ ತೀರ್ಮಾನವಾಯಿತು. ಮೊದಮೊದಲು ಮಗು ನನ್ನ ಬಳಿಯೇ. ಹಾಲೂಡಿಸುವಾಗ ಅವಳ ಮಡಿಲಿಗೆ, ಪಕ್ಕದಲ್ಲೇ ನರ್ಸ್. ರಾತ್ರಿ ಅವಳು ನಿದ್ದೆ ಮಾಡಲೇಬೇಕು ಅಂತ ಆ ಹೊತ್ತಿನ ಆರೈಕೆಯೆಲ್ಲ ನನ್ನದು.

ಒಂದು ಬೆಳಿಗ್ಗೆ ನರ್ಸ್ ಮಗುವನ್ನು ಅವಳ ಚಾಚಿದ ಕಾಲ ಮೇಲೆ ಮಲಗಿಸಿ, ಎಣ್ಣೆ ಹಚ್ಚಲು ಹೇಳಿದರು. ತಂಗಿ ಮಗುವಿನ ಕಿವಿಯ ಹಿಂದಿನ ಮಚ್ಚೆಯನ್ನು ಮಸಿಯೇನೋ ಎಂಬಂತೆ ಉಜ್ಜಿದಳು. ಹೋಗಲಿಲ್ಲ. ಮತ್ತೆ ಉಜ್ಜಿದಳು. ನರ್ಸ್ ಅವಸರಪಡಿಸಲಿಲ್ಲ, ಮಗುವಿನ ತಲೆಯಡಿ ಇಟ್ಟ ಕೈಯನ್ನೂ ತೆಗೆಯಲಿಲ್ಲ. ಅವಳು ಸುಧಾರಿಸಿದಂತೆ ಮಗುವಿನ ಒಂದೊಂದೇ ಕೆಲಸ ಅವಳ ಕೈಗೆ ಬಂತು. ಈ ವಾರ್ಡಿನ ದೊಡ್ಡಸ್ತಿಕೆ ಇದೇ ಅಂತ ನನಗನ್ನಿಸುವುದು: ಮಗುವೂ ಕ್ಷೇಮ, ತಾಯಿಯೂ ತಾಯಿಯಾಗಿಯೇ ಉಳಿದಳು.

ಅವಳ ಅತ್ತೆ ಮಗುವನ್ನು ಕರಕೊಂಡು ಹೋಗುತ್ತೇವೆ ಅಂತ ಬಂದಾಗ ಅಲ್ಲಿಯವರು ಕೂರಿಸಿ ತಿಳಿಹೇಳಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಅಪಾಯವಿದ್ದರೆ ತಾತ್ಕಾಲಿಕವಾಗಿ ಮಾಡಬಹುದು, ಅದನ್ನೂ 15 ದಿನಕ್ಕೊಮ್ಮೆ ಮತ್ತೆ ಪರಿಶೀಲಿಸಬೇಕು. ನಮ್ಮ ಊರುಗಳಲ್ಲಿ ಇದು ಎಷ್ಟು ಮನೆಗೆ ಗೊತ್ತು?

ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ ಈ ಕಾಯಿಲೆ ಬರುತ್ತದೆ. ಆದರೆ ದೇಶದಲ್ಲಿ ಇಂಥ ವಾರ್ಡುಗಳು ಬೆರಳೆಣಿಕೆಯಷ್ಟು. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಎರಡು ಮಂಚವಾದರೂ ಬೇಕು, ಇದನ್ನು ಸರ್ಕಾರಕ್ಕೆ ಕೂಗಿ ಹೇಳಬೇಕು.

ಹೋಗುವವರು ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಬಿಪಿಎಲ್ ಕಾರ್ಡ್ ಇಟ್ಟುಕೊಳ್ಳಿ. ಎದೆಹಾಲು ಕೊಡಬಹುದೋ ಇಲ್ಲವೋ ಎಂಬುದು ಯಾವ ಮಾತ್ರೆ ಎಂಬುದರ ಮೇಲಿದೆ, ಡಾಕ್ಟರನ್ನೇ ಕೇಳಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಂಭವ ಹೆಚ್ಚು, ಹಾಗಾಗಿ ಇನ್ನೊಂದು ಮಗು ಬೇಕೆಂದರೆ ಬಸುರಿಯಾಗುವ ಮೊದಲೇ ಬನ್ನಿ ಅಂದಿದ್ದಾರೆ. ರಾತ್ರಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.