ಉನೋ, ಪಿಕೊ, ಇಎಸ್‌ಪಿ32: ಮೊದಲು ಯಾವುದರಲ್ಲಿ ಕೈ ಪಳಗಿಸಬೇಕು?

ಎಲೆಕ್ಟ್ರಾನಿಕ್ಸ್ ಕಲಿಯಲು ಮೊದಲ ಮೈಕ್ರೋಕಂಟ್ರೋಲರ್ ಬೋರ್ಡ್ (ನಾವು ಬರೆದ ಕೋಡಿನಂತೆ ಸೆನ್ಸರ್, ಎಲ್‌ಇಡಿಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್) ಯಾವುದು ತಗೊಳ್ಳಲಿ ಎಂದು ಕೇಳುವವರಿಗೆ ಸಾಮಾನ್ಯವಾಗಿ ಸ್ಪೀಡು, ಮೆಮೊರಿ, ಬೆಲೆಯ ಪಟ್ಟಿ ಸಿಗುತ್ತದೆ. ನಾನು ಮೂರು ಬೋರ್ಡಿನಲ್ಲೂ ಒಂದೇ ಕೆಲಸ ಮಾಡಿ ನೋಡಿದೆ. ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ ಇಟ್ಟು ಬಕೆಟ್ಟಿನ ನೀರಿನ ಮಟ್ಟ ಅಳೆಯುವುದು. ಶಬ್ದ ಹೋಗಿ ಬರಲು ಹಿಡಿದ ಮೈಕ್ರೋಸೆಕೆಂಡುಗಳನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರ್ ಬರುತ್ತದೆ. ಲೆಕ್ಕ ಇಷ್ಟೇ.

ಆರ್ಡುಯಿನೋ ಉನೋ ಆರ್3ರಲ್ಲಿ ಇದು ಸಲೀಸು. ಸೆನ್ಸರ್ ಕೂಡ 5 ವೋಲ್ಟ್, ಬೋರ್ಡ್ ಕೂಡ 5 ವೋಲ್ಟ್. ನಾಲ್ಕು ವೈರ್ ನೇರವಾಗಿ ಚುಚ್ಚಿದರೆ ಆಯ್ತು. ರ‍್ಯಾಮ್ ಮೆಮೊರಿ 2 ಕಿಲೋಬೈಟ್ ಮಾತ್ರ, ಆದರೆ ಈ ಕೆಲಸಕ್ಕೆ ಅದೇ ಜಾಸ್ತಿ. ಸಾಕೆಟ್ಟಿನಲ್ಲಿ ಚಿಪ್ ಇರುವ ಮಾದರಿ ತಗೊಂಡರೆ, ಸುಟ್ಟುಹೋದಾಗ ಚಿಪ್ ಮಾತ್ರ ಬದಲಿಸಬಹುದು. ಹೊಸಬರಿಗೆ ಇದು ಎಷ್ಟು ಧೈರ್ಯ ಕೊಡುತ್ತದೆ ಗೊತ್ತಾ!

ರಾಸ್ಪ್‌ಬೆರಿ ಪೈ ಪಿಕೊಗೆ ಬಂದರೆ ಆಟವೇ ಬೇರೆ. ಇದರ ಪಿನ್‌ಗಳು 3.3 ವೋಲ್ಟಿನವು. ಸೆನ್ಸರಿನ ಎಕೋ ಪಿನ್ (ಬೋರ್ಡಿಗೆ ಉತ್ತರ ಕಳಿಸುವ ಪಿನ್) 5 ವೋಲ್ಟ್ ಕಳಿಸುತ್ತದೆ, ಅದನ್ನು ನೇರವಾಗಿ ಕೊಡುವ ಹಾಗಿಲ್ಲ. ಎಕೋ ಪಿನ್ನಿನಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋಓಮ್ ರೆಸಿಸ್ಟರ್ ಹಾಕಿ, ಎರಡೂ ಸೇರುವ ಜಾಗದಿಂದ ಪಿಕೊಗೆ ವೈರ್ ಎಳೆಯಬೇಕು. ಆ ಜಾಗದಲ್ಲಿ ಮಲ್ಟಿಮೀಟರ್ ಇಟ್ಟು ಪರೀಕ್ಷೆ ಮಾಡಿ: ರೆಸಿಸ್ಟರ್ ಸಾಲಿಗೆ 5 ವೋಲ್ಟ್ ಕೊಟ್ಟರೆ ಹತ್ತಿರ ಹತ್ತಿರ 3.3 ತೋರಿಸುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಓಮ್‌ನ ನಿಯಮ ಕಣ್ಣೆದುರಿಗೇ ಕೆಲಸ ಮಾಡುವುದನ್ನು ನೋಡುವ ಖುಷಿಯೇ ಬೇರೆ.

ಕೋಡ್ ಕಲಿಯಲು ಮೂರರಲ್ಲಿ ನನಗೆ ಪಿಕೊವೇ ಮೇಲು. ಥಾನಿ ಎಂಬ ಕೋಡ್ ಬರೆಯುವ ತಂತ್ರಾಂಶದಲ್ಲಿ ಮೈಕ್ರೋಪೈಥಾನ್‌ನ (ಪುಟ್ಟ ಬೋರ್ಡುಗಳಿಗಾಗಿ ಇರುವ ಪೈಥಾನ್ ಭಾಷೆ) ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಎಲ್‌ಇಡಿ ಆಗಲೇ ಹೊತ್ತಿಕೊಳ್ಳುತ್ತದೆ. ಉನೋದಲ್ಲಾದರೆ ಪ್ರತಿ ಸಲ ಕಂಪೈಲ್, ಅಪ್‌ಲೋಡ್. ಒಂದು ವಿಷಯ ನೆನಪಿರಲಿ: ಮಾಮೂಲಿ ಪಿಕೊಗೆ ವೈರ್ ಸಿಕ್ಕಿಸುವ ಹೆಡರ್ ಪಿನ್‌ಗಳನ್ನು ನಾವೇ ಬೆಸುಗೆ ಹಾಕಬೇಕು. ಕೈಗೆ ಒಳ್ಳೆಯ ಅಭ್ಯಾಸವೇ, ಆದರೆ ಮೊದಲ ದಿನವೇ ಬೇಡ ಅನ್ನುವವರು ಪಿನ್ ಬೆಸೆದೇ ಬರುವ ಪಿಕೊ ಎಚ್ ತಗೊಳ್ಳಲಿ.

ಇಎಸ್‌ಪಿ32ರಲ್ಲಿ ವೈಫೈ ಇದೆ, ನೀರಿನ ಮಟ್ಟವನ್ನು ಫೋನಿನಲ್ಲೇ ನೋಡಬಹುದು. ಎಲ್ಲರೂ ಮೊದಲು ಇದಕ್ಕೇ ಆಸೆಪಡುವುದು. ಆದರೆ ಮೂಲ ಇಎಸ್‌ಪಿ32ರಲ್ಲಿ 34ರಿಂದ 39ರವರೆಗಿನ ಪಿನ್‌ಗಳು ಇನ್‌ಪುಟ್‌ಗೆ ಮಾತ್ರ. ಬೋರ್ಡ್ ಶುರುವಾಗುವಾಗ 12ನೇ ಪಿನ್ನಿಗೆ ವೋಲ್ಟೇಜ್ ಇದ್ದರೆ ಬೂಟ್ ಆಗದೇ ಇರಬಹುದು. ವೈಫೈ ಆನ್ ಇದ್ದಾಗ ಕೆಲವು ಅನಲಾಗ್ ಪಿನ್‌ಗಳನ್ನು ಓದಲು ಆಗುವುದಿಲ್ಲ. ತಪ್ಪು ವೈರಿನದೋ, ಕೋಡಿನದೋ, ಪಿನ್ನಿನದೋ ಎಂದು ಹೊಸಬರು ಹೇಗೆ ಹುಡುಕುತ್ತಾರೆ, ಹೇಳಿ? ಅದಕ್ಕೇ ಇದು ಮೂರನೆಯದಾಗಿ ಬರಲಿ ಅನ್ನುತ್ತೇನೆ. ಪೈಥಾನ್ ಮೊದಲೇ ಗೊತ್ತಿದ್ದವರು ಬೇಕಾದರೆ ಪಿಕೊದಿಂದ ಶುರು ಮಾಡಲಿ, ಉಳಿದವರಿಗೆ ಉನೋ.

ದುಡ್ಡು ಹಾಕುವ ಮುಂಚೆ ಮೂರನ್ನೂ ವೋಕ್ವಿ ಸಿಮ್ಯುಲೇಟರ್‌ನಲ್ಲಿ (ಬೋರ್ಡಿನ ನಕಲನ್ನು ಕಂಪ್ಯೂಟರಿನಲ್ಲೇ ಓಡಿಸುವ ಜಾಲತಾಣ) ಓಡಿಸಿ ನೋಡಿ, ಈ ಸೆನ್ಸರ್ ಕೂಡ ಅಲ್ಲಿದೆ. ಕೋಡ್ ಕಲಿಯಲು ಅಷ್ಟು ಸಾಕು. ಆದರೆ ಪಿಕೊ ಪಿನ್ನಿಗೆ 5 ವೋಲ್ಟ್ ಕೊಟ್ಟರೂ ಅಲ್ಲಿ ಏನೂ ಸುಡುವುದಿಲ್ಲ. ಹಾಗಾಗಿ ನಿಜವಾದ ಬೋರ್ಡ್ ತರುವ ದಿನ ಒಂದು ಮಲ್ಟಿಮೀಟರನ್ನೂ ಜೊತೆಗೇ ತನ್ನಿ.